ಊಟಕ್ಕೆ ಮುಂಚೆ ಇದ್ದ ಸಮುದ್ರ

ನಮ್ಮ ಬಡಾವಣೆಗೆ ವರ್ಷಕ್ಕೆ ನಾಲ್ಕೈದು ಸಲವಾದರೂ ಸುನಾಮಿ ಬರುತ್ತದೆ. ಇಲ್ಲಿಂದ ಸಮುದ್ರಕ್ಕೆ ಇಡೀ ಹಗಲಿನ ಬಸ್ ದಾರಿ. ಆದರೂ ಬರುತ್ತದೆ. ಸೀರೆ ಅಂಗಡಿಗೆ ಬರುತ್ತದೆ, ಚುನಾವಣೆಗೆ ಬರುತ್ತದೆ, ಯಾರಾದರೂ ನಾಲ್ಕು ಸಿಕ್ಸರ್ ಹೊಡೆದರೆ ಬರುತ್ತದೆ, ಮದುವೆ ಮನೆಯಲ್ಲಿ ಮೊದಲ ಪಂಕ್ತಿ ಏಳುವ ಮುಂಚೆಯೇ ಎರಡನೇ ಪಂಕ್ತಿಯವರು ನುಗ್ಗಿದರೂ ಬರುತ್ತದೆ. ಬಂದಾಗಲೆಲ್ಲ ನನ್ನ ಬಿಪಿ ಏರುತ್ತದೆ. ಡಾಕ್ಟರು ಉಪ್ಪು ಬಿಡಿ ಅನ್ನುತ್ತಾರೆ. ಉಪ್ಪಿನದೇನೂ ತಪ್ಪಿಲ್ಲ, ತಪ್ಪೆಲ್ಲ ಈ ಜನರದು.

ನಾನು ಯಾರು ಅಂತ ಮೊದಲೇ ಹೇಳಿಬಿಡುತ್ತೇನೆ. ಪೂರ್ವ ಕರಾವಳಿಯ ಒಂದು ಬಂದರಿನಲ್ಲಿ ಸಮುದ್ರದ ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಅಳೆದು ಬರೆದಿಡುವ ಸಣ್ಣ ಕಚೇರಿಯಲ್ಲಿ ಜೀವಮಾನವೆಲ್ಲ ಕಳೆದವನು. ನಿವೃತ್ತನಾದ ಮೇಲೆ ತ್ಯಾಗರಾಜನಗರದ ಮನೆಗೆ ಬಂದೆ. ಮನೆಯಲ್ಲಿ ನಾನು ಮತ್ತು ನನ್ನ ಅಕ್ಕ, ಇಬ್ಬರೇ. ನಾನು ಮದುವೆಯಾಗಲಿಲ್ಲ, ಭಾವ ತೀರಿಕೊಂಡು ಬಹಳ ಕಾಲವಾಯಿತು. ಅಕ್ಕನಿಗೆ ಎಪ್ಪತ್ತೈದಾಗಿದೆ, ಮಂಡಿ ನೋವಿದೆ. ಹಟ ಮಾತ್ರ ಇನ್ನೂ ಹದಿನಾರರದ್ದು.

ಆಷಾಢದ ಅಲೆ

ಆಷಾಢದಲ್ಲಿ ಮದುವೆ ಮುಂಜಿ ಇಲ್ಲ, ಸೀರೆ ಕೊಳ್ಳುವವರಿಲ್ಲ. ಹಾಗಾಗಿ ಅಂಗಡಿಯವರು ಪೈಪೋಟಿಯ ಮೇಲೆ ರಿಯಾಯಿತಿ ಹಾಕುತ್ತಾರೆ. ಹಾಕಲಿ, ನನಗೇನು. ಆದರೆ ಜಯನಗರ ನಾಲ್ಕನೇ ಬ್ಲಾಕಿನ ಒಂದು ಅಂಗಡಿಯವರು ಎರಡು ಮಹಡಿ ಎತ್ತರದ ಬ್ಯಾನರ್ ಕಟ್ಟಿದ್ದರು. "ಆಷಾಢ ಸುನಾಮಿ! ಕೊಚ್ಚಿಕೊಂಡು ಹೋಗಿ!" ಕೆಳಗೆ ಒಂದು ನೀಲಿ ಅಲೆ, ತುದಿಯಲ್ಲಿ ಸುರುಳಿ ಸುತ್ತಿಕೊಂಡು ನಿಂತಿತ್ತು. ಅದರ ಮೇಲೆ ರೇಷ್ಮೆ ಸೀರೆ ಉಟ್ಟ ಒಬ್ಬಳು ಹುಡುಗಿ ನಗುತ್ತಾ ಕೈ ಬೀಸುತ್ತಿದ್ದಳು.

ನಾನು ನೇರ ಒಳಗೆ ಹೋದೆ. ಟೈ ಕಟ್ಟಿದ ಮ್ಯಾನೇಜರ್ ಬಂದು, "ಬನ್ನಿ ಅಂಕಲ್, ಕಾಟನ್ ತೋರಿಸ್ಲಾ ಸಿಲ್ಕ್ ತೋರಿಸ್ಲಾ?" ಅಂದ. ಬ್ಯಾನರ್ ವಿಷಯ ಮಾತಾಡಬೇಕು ಅಂದೆ. ಕೂರಿಸಿ ನೀರು ಕೊಟ್ಟ. ನಾನು ಕಾಲು ಗಂಟೆ ಮಾತಾಡಿದೆ. ಜನ ಸತ್ತದ್ದು ಹೇಳಿದೆ. ಮನೆ ಮಠ ಕಳೆದುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ ಅಂದೆ. ಆ ಚಿತ್ರವೂ ಸುಳ್ಳು, ಸುನಾಮಿ ಹಾಗೆ ಚೆಂದವಾಗಿ ಸುರುಳಿ ಸುತ್ತಿಕೊಂಡು ನಿಲ್ಲುವುದಿಲ್ಲ, ಸಮುದ್ರದ ಮಟ್ಟವೇ ಏರಿ ಊರೊಳಗೆ ನಡೆದು ಬರುತ್ತದೆ ಅಂತ ಕೈ ಅಲ್ಲಾಡಿಸಿ ತೋರಿಸಿದೆ. ಅವನು ಕೈ ಕಟ್ಟಿಕೊಂಡು, ಮಧ್ಯೆ ಒಂದು ಮಾತೂ ಆಡದೆ, ಬಹಳ ಶ್ರದ್ಧೆಯಿಂದ ಕೇಳಿದ. ಸದ್ಯ, ಒಬ್ಬನಿಗಾದರೂ ಮನಸ್ಸಿಗೆ ನಾಟಿತು ಅಂದುಕೊಂಡೆ.

ಅವನು ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದ. "ಸಾರ್, ನೀವು ಎದುರುಗಡೆ ಅಂಗಡಿಯೋರಾ?"

ಅಲ್ಲ ಅಂದೆ. ಅವನಿಗೆ ನಿರಾಳವಾಯಿತು. "ಹೋದ ವರ್ಷ ಭೂಕಂಪ ಅಂತ ಹಾಕಿದ್ವಿ ಸಾರ್. ಒಬ್ರೂ ಬರ್ಲಿಲ್ಲ. ಸುನಾಮಿಗೆ ಸಖತ್ ರೆಸ್ಪಾನ್ಸ್ ಇದೆ" ಅಂದ.

ಮುಂದಿನ ವಾರ ಅದೇ ಬ್ಯಾನರ್ ಮೇಲೆ ಕೆಂಪು ಪಟ್ಟಿಯೊಂದು ಅಂಟಿಸಿದ್ದರು. "ಗ್ರಾಹಕರ ಒತ್ತಾಯದ ಮೇರೆಗೆ ಸುನಾಮಿ ಇನ್ನೂ ಮೂರು ದಿನ." ನಾನು ಉರಿದುಕೊಂಡು ಮನೆಗೆ ಬಂದು ಅಕ್ಕನ ಮುಂದೆ ಕೂಗಾಡಿದೆ. ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಮಡಿಲಲ್ಲಿ ಆ ಅಂಗಡಿಯ ಕವರ್ ಇಟ್ಟುಕೊಂಡು, ಎರಡು ಸೀರೆಯ ಅಂಚು ಬೆಳಕಿಗೆ ಹಿಡಿದು, ಯಾವುದು ಚೆನ್ನಾಗಿದೆ ಹೇಳು ಅಂದಳು.

ಮೂರು ಸಾವಿರ ಅಡಿ

ನಮ್ಮ ಪಾರ್ಕಿನಲ್ಲಿ ಬೆಳಗ್ಗೆ ನಡೆಯುವವರ ಬಳಗವೊಂದಿದೆ. ಅದರ ಕಾರ್ಯದರ್ಶಿ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು. ಅವರಿಗೆ ಬಿಟಿಎಂ ಲೇಔಟಿನಲ್ಲಿ ಒಂದು ಮನೆ ಇದೆ, ಅದರಲ್ಲಿ ಬಾಗಲಕೋಟೆ ಕಡೆಯ ಒಬ್ಬ ಯುವಕ ಬಾಡಿಗೆಗಿದ್ದ. ಟಿವಿ ಚಾನೆಲ್ಲಿನ ವರದಿಗಾರ. ಒಂದು ಸಂಜೆ ಸುರಿದ ಮಳೆಗೆ ಅಲ್ಲಿಯ ರಸ್ತೆಗಳೆಲ್ಲ ಮುಳುಗಿದವು. ಮರುದಿನ ಬೆಳಗ್ಗೆಯೇ ಅವನ ಫೋನು.

"ಸರ, ನೀವು ಬಂದು ಎರಡ ನಿಮಿಷ ಮಾತಾಡ್ರಿ ಸಾಕು. ಬೆಂಗಳೂರಿಗೆ ಸುನಾಮಿ ಬಂತು ಅಂತ ವಾಟ್ಸಾಪಿನ್ಯಾಗ ಹರದಾಡಾಕತ್ತೈತಿ. ಜನಾ ಅಂಜ್ಯಾರ. ನಿಮ್ಮಂಥಾ ತಿಳದವ್ರು ಹೇಳಿದ್ರ ಸಮಾಧಾನ ಆಗ್ತಾರ."

ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ, ಮೊಣಕಾಲುದ್ದ ನೀರಿನಲ್ಲಿ ಪ್ಯಾಂಟು ಎತ್ತಿ ಹಿಡಿದು ನಿಂತು ಮಾತಾಡಿದೆ. ಇದು ಮಳೆ ನೀರು. ರಾಜಕಾಲುವೆಯ ಮೇಲೆ ಮನೆ ಕಟ್ಟಿದ್ದೇವೆ, ನೀರಿಗೆ ಹೋಗಲು ದಾರಿ ಇಲ್ಲ, ನಿಂತಿದೆ. ಇದನ್ನು ಸುನಾಮಿ ಅಂದರೆ ನಮ್ಮ ತಪ್ಪನ್ನು ಸಮುದ್ರದ ತಲೆಗೆ ಕಟ್ಟಿದ ಹಾಗೆ. ಬೆಂಗಳೂರು ಸಮುದ್ರಕ್ಕಿಂತ ಮೂರು ಸಾವಿರ ಅಡಿ ಮೇಲಿದೆ. ಇಲ್ಲಿಗೆ ಸುನಾಮಿ ಬರಬೇಕಾದರೆ ಮೂರು ಸಾವಿರ ಅಡಿ ಎತ್ತರದ ಅಲೆ ಏಳಬೇಕು, ಅಂಥದ್ದು ಆಗುವ ಮಾತೇ ಅಲ್ಲ. ಇಷ್ಟು ಹೇಳಿದೆ. ಇದಕ್ಕಿಂತ ಸ್ಪಷ್ಟವಾಗಿ ಹೇಳಲು ನನಗಂತೂ ಬರುವುದಿಲ್ಲ.

ಸಂಜೆ ಟಿವಿ ಹಾಕಿದರೆ ಪರದೆಯ ಅರ್ಧದಲ್ಲಿ ನನ್ನ ಮುಖ, ಇನ್ನರ್ಧದಲ್ಲಿ ಸೀರೆ ಅಂಗಡಿಯ ಅದೇ ಸುರುಳಿ ಅಲೆ. ಕೆಳಗೆ ದಪ್ಪ ಅಕ್ಷರದಲ್ಲಿ, "ಮೂರು ಸಾವಿರ ಅಡಿ ಅಲೆ! ಬೆಂಗಳೂರು ಎಷ್ಟು ಸೇಫ್? ಹಿರಿಯ ವಿಜ್ಞಾನಿ ಬಿಚ್ಚಿಟ್ಟ ಭಯಾನಕ ಸತ್ಯ!"

ಫೋನುಗಳು ಶುರುವಾದವು. ಮೈಸೂರಿನಿಂದ ಚಿಕ್ಕಮ್ಮನ ಮಗ, ಮೈಸೂರು ಇನ್ನೂ ತಗ್ಗಲ್ಲವಾ, ನಾವೇ ಅಲ್ಲಿಗೆ ಬರೋದಾ ಅಂತ ಕೇಳಿದ. ಸುಬ್ರಹ್ಮಣ್ಯಪುರದಲ್ಲಿ ಹೊಸದಾಗಿ ಫ್ಲ್ಯಾಟ್ ಕೊಂಡ ನೆಂಟರೊಬ್ಬರು, ನಾಲ್ಕನೇ ಮಹಡಿ ಸಾಕೋ ಏಳನೆಯದಕ್ಕೆ ಬದಲಾಯಿಸಿಕೊಳ್ಳಬೇಕೋ ಅಂತ ಕೇಳಿದರು. ಬೆಳಗ್ಗೆ ಸೊಪ್ಪು ಮಾರುವ ಹೆಂಗಸು ಬಾಗಿಲಲ್ಲಿ ನಿಂತು, "ಸ್ವಾಮಿ, ನಾಳೆ ಸೊಪ್ಪು ತರ್ಲಾ, ಬ್ಯಾಡ್ವಾ?" ಅಂದಳು.

ನಾನು ಆ ವರದಿಗಾರನಿಗೆ ಫೋನು ಮಾಡಿ ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ಎಲ್ಲ ಕೇಳಿಸಿಕೊಂಡು, ತುಸು ನೊಂದ ದನಿಯಲ್ಲಿ ಹೇಳಿದ. "ಸರ, ಅಡಿ ಲೆಕ್ಕಾ ನೀವ ಕೊಟ್ಟಿದ್ದು. ನಾವು ನೂರು ಅಡಿ ಅಂತ ಹಾಕೂರಿದ್ವಿ."

ಮುಂದೂಡಿದ ಸುನಾಮಿ

ಹೋದ ವರ್ಷ ನಮ್ಮ ಬಳಗ ಪಶ್ಚಿಮ ಕರಾವಳಿಗೆ ಪ್ರವಾಸ ಹೋಗುವುದೆಂದು ತೀರ್ಮಾನಿಸಿತು. ಅಮಾವಾಸ್ಯೆಯ ದಿನ ಸಮುದ್ರ ಸ್ನಾನ ಮಾಡಿದರೆ ಪುಣ್ಯ ಅಂತ ಎಲ್ಲರಿಗೂ ಆಸೆ. ಇಪ್ಪತ್ತೆರಡು ಜನ, ಎಲ್ಲರೂ ಅರವತ್ತು ದಾಟಿದವರು. ಪಟ್ಟಿಯಲ್ಲಿ ಮೊದಲ ಹೆಸರು ನಮ್ಮ ಅಕ್ಕನದು.

ನನಗೆ ದಿಗಿಲಾಯಿತು. ಸಮುದ್ರವನ್ನು ಹೊಟೇಲಿನ ಕ್ಯಾಲೆಂಡರಿನಲ್ಲಷ್ಟೇ ನೋಡಿದ ಜನ ಇವರು. ಹೊರಡುವ ಮುಂಚೆ ಸುನಾಮಿ ಬಗ್ಗೆ ಹತ್ತು ನಿಮಿಷ ಮಾತಾಡಲು ಅವಕಾಶ ಕೊಡಿ ಅಂತ ಕಾರ್ಯದರ್ಶಿಯನ್ನು ಕೇಳಿದೆ. ನಡಿಗೆ ಮುಗಿದ ಮೇಲೆ ಕಲ್ಲುಬೆಂಚಿನ ಸುತ್ತ ಎಲ್ಲರನ್ನೂ ಸೇರಿಸಿದರು.

ಬಾಯಿ ತೆಗೆದಿದ್ದೆನಷ್ಟೆ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಮೇಡಂ, "ಸುನಾಮಿ ಅಂದ್ರೆ ಟೈಡಲ್ ವೇವ್ ತಾನೆ ಸಾರ್?" ಅಂದರು. ಈ ಮಾತು ನನ್ನ ಪಾಲಿಗೆ ಬೆಂಕಿ. ಟೈಡ್ ಅಂದರೆ ಉಬ್ಬರ ಇಳಿತ, ಚಂದ್ರನ ಸೆಳೆತದಿಂದ ದಿನಾ ಆಗುವಂಥದ್ದು. ಸುನಾಮಿ ಏಳುವುದು ಹೆಚ್ಚಾಗಿ ಸಮುದ್ರದ ತಳ ಕದಲಿದಾಗ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಪಾಠ ಪುಸ್ತಕದಲ್ಲಿ ತಪ್ಪು ಬರೆದರು, ಪತ್ರಿಕೆಯವರು ತಪ್ಪು ಬರೆದರು, ಈಗ ಪಾರ್ಕಿನಲ್ಲೂ ತಪ್ಪು. ನಾನು ರೇಗಿ, ಸುನಾಮಿ ಬೇರೆ, ಉಬ್ಬರ ಬೇರೆ, ಇನ್ನು ಮೇಲೆ ನನ್ನ ಮುಂದೆ ಯಾರೂ ಟೈಡ್ ಅನ್ನುವ ಮಾತೇ ಎತ್ತಕೂಡದು ಅಂದುಬಿಟ್ಟೆ. ಉಬ್ಬರದ ವಿಷಯ ಅವತ್ತಿಗೆ ಮುಗಿಯಿತು.

ಕಾರ್ಯದರ್ಶಿಗಳು ಬೇರೆ ವಿಷಯ ತೆಗೆದರು. ಸುನಾಮಿ ಜಪಾನಿನವರ ಮಾತು, ಇಷ್ಟು ಹಳೆಯ ನಮ್ಮ ಭಾಷೆಯಲ್ಲಿ ಅದಕ್ಕೊಂದು ಪದ ಬೇಡವೇ ಅಂದರು. ಅಲ್ಲಿಗೆ ನನ್ನ ಹತ್ತು ನಿಮಿಷ ಹೋಯಿತು. ಒಬ್ಬರು ಮಹಾತರಂಗ ಅಂದರು. ಅದು ವಾದ್ಯಗೋಷ್ಠಿಯ ಹೆಸರಿನ ಹಾಗಿದೆ ಅಂತ ಇನ್ನೊಬ್ಬರು ತಳ್ಳಿಹಾಕಿ ಕಡಲುಕ್ಕು ಅಂದರು. ಅದು ಗೃಹಪ್ರವೇಶದಲ್ಲಿ ಹಾಲು ಉಕ್ಕಿಸಿದ ಹಾಗಿದೆ ಅಂತ ಮೇಡಂ ಮುಖ ಸಿಂಡರಿಸಿದರು. ಎರಡು ಪಕ್ಷಗಳಾದವು. ಮೂರು ವಾರ ನಡೆಯಿತು. ಒಂದು ಪಕ್ಷದವರು ಇನ್ನೊಂದು ಪಕ್ಷದವರಿಗೆ ಎದುರಾಗಬಾರದೆಂದು ಪಾರ್ಕನ್ನು ಉಲ್ಟಾ ಸುತ್ತತೊಡಗಿದರು. ಇದರಿಂದ ಪ್ರತಿ ಸುತ್ತಿಗೂ ಎರಡು ಸಲ ಎದುರಾಗುತ್ತಿದ್ದರು.

ಬಳಗದಲ್ಲಿ ಒಬ್ಬರು ಗೊಟ್ಟಿಗೆರೆಯ ಯಜಮಾನರಿದ್ದಾರೆ. ರಾಗಿ ಬೆಳೆಯುತ್ತಿದ್ದ ಅವರ ಹೊಲದಲ್ಲಿ ಈಗ ಮೂರು ಅಪಾರ್ಟ್‌ಮೆಂಟುಗಳು ನಿಂತಿವೆ. ಮಗನ ಮನೆ ಜಯನಗರದಲ್ಲಿರುವುದರಿಂದ ನಮ್ಮ ಪಾರ್ಕಿಗೆ ಬರುತ್ತಾರೆ, ಬಿಳಿ ಪಂಚೆಯ ಕೆಳಗೆ ಮಗ ಕೊಡಿಸಿದ ಸ್ಪೋರ್ಟ್ಸ್ ಶೂ. ಅಲ್ಲಿಯವರೆಗೆ ಒಂದೂ ಮಾತಾಡಿರದ ಅವರು ಒಂದು ದಿನ ಎದ್ದು ನಿಂತರು.

"ಹೆಸ್ರು ಏನಾರ ಇಕ್ಕೊಳ್ಳಿ ಸಾಮಿ. ಬಂದ್ರೆ ಏನ್ ಮಾಡ್ಬೇಕು, ಅದ್ ಹೇಳಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು. "ನಾನು ಚಿಕ್ಕೋನಿದ್ದಾಗ ನಮ್ಮ ತಾಯಿ ಊರಲ್ಲಿ ಕೆರೆ ಏರಿ ಒಡೀತು. ಅಲೆ ಗಿಲೆ ಏನೂ ಇಲ್ಲ ಸಾಮಿ. ಕೆರೆಗೆ ಕೆರೇನೇ ಎದ್ದು ನಡ್ಕೊಂಡ್ ಬಂತು. ಬರೀ ಮೊಣಕಾಲುದ್ದ ನೀರು, ಜೋಡೆತ್ತು ಎತ್ಕೊಂಡ್ ಹೋಯ್ತು. ಇದೂ ಅಂಗೇ ತಾನೆ?"

ಅಂಗೇ ಅಂದೆ. ಅವರ ಕೈ ಹಿಡಿದುಕೊಂಡೆ. ನಾನು ಚಿತ್ರ ಬರೆದು, ಬಕೆಟ್ಟಿನಲ್ಲಿ ನೀರು ತುಂಬಿ ತೋರಿಸಿದ್ದರೂ ಹೇಳಲಾಗದ್ದನ್ನು ಆ ಮನುಷ್ಯ ಕೂತಲ್ಲಿಂದ ಎದ್ದು ಹೇಳಿಬಿಟ್ಟಿದ್ದರು. ಇನ್ನಾದರೂ ಉಳಿದವರು ಕೇಳುತ್ತಾರೆ ಅಂದುಕೊಂಡೆ.

ಮರುದಿನ ಕಾರ್ಯದರ್ಶಿಗಳು ಸಭೆಯ ನಡಾವಳಿ ಓದಿದರು. "ಒಮ್ಮತ ಮೂಡದ ಕಾರಣ ಸುನಾಮಿಯನ್ನು ಮುಂದಿನ ಸಭೆಗೆ ಮುಂದೂಡಲಾಯಿತು."

ಕವಡೆ

ಅಕ್ಕನಿಗೆ ಚೌಕಾಬಾರದ ಹುಚ್ಚು. ದಿನಾ ಮಧ್ಯಾಹ್ನ ನನ್ನನ್ನು ಕೂರಿಸಿಕೊಂಡು ಆಡುತ್ತಾಳೆ. ಅವಳ ನಾಲ್ಕು ಕವಡೆಗಳಲ್ಲಿ ಒಂದು ಎಲ್ಲೋ ಕಳೆದುಹೋಗಿ, ಅದರ ಬದಲಿಗೆ ಅರ್ಧ ತೇದ ಹುಣಸೆಬೀಜ ಇಟ್ಟುಕೊಂಡಿದ್ದಳು. ಬೀಜ ಯಾವಾಗಲೂ ನನ್ನ ಪರವಾಗಿಯೇ ಬೀಳುತ್ತದೆ ಅನ್ನುವುದು ಅವಳ ದೂರು. ಗಾಂಧಿಬಜಾರಿನಿಂದ ಹೊಸದು ತಂದುಕೊಡುತ್ತೇನೆ ಅಂದರೆ ಬೇಡ. ಸಮುದ್ರಕ್ಕೆ ಹೋಗುತ್ತಿದ್ದೇವಲ್ಲ, ನಾನೇ ಕೈಯಾರೆ ಆರಿಸಿ ತರುತ್ತೇನೆ ಅಂದಳು.

ಯಾರಿಗೂ ಹೇಳದ ಒಂದು ಸಂಗತಿಯನ್ನು ಅವತ್ತು ಅವಳಿಗೆ ಹೇಳಿದೆ.

ನಮ್ಮ ಕಚೇರಿಯಲ್ಲಿ ನನ್ನ ಜೊತೆ ಒಬ್ಬನಿದ್ದ. ನನ್ನದೇ ವಯಸ್ಸು. ನೀರಿನ ಮಟ್ಟ ನೋಡಿ ಪುಸ್ತಕದಲ್ಲಿ ಬರೆಯುವುದು ಅವನ ಕೆಲಸ, ಅಕ್ಷರ ಮುತ್ತಿನಂತಿತ್ತು. ನಮ್ಮ ಬಂದರಿಗೆ ಸುನಾಮಿ ಬಂದ ದಿನ ನಾನು ರಜೆಯ ಮೇಲೆ ಈ ಮನೆಗೇ ಬಂದಿದ್ದೆ. ಅವತ್ತು ಬೆಳಗ್ಗೆ ಸಮುದ್ರ ಹಿಂದಕ್ಕೆ ಹೋಯಿತು. ನೋಡನೋಡುತ್ತಿದ್ದ ಹಾಗೆ ತಳ ಕಂಡಿತು, ಮೀನುಗಳು ಮರಳಿನ ಮೇಲೆ ಒದ್ದಾಡಿದವು. ಜನ ನೋಡಲು ಓಡಿದರು. ಅವನು ನೀರು ಇಳಿದದ್ದನ್ನು ಪುಸ್ತಕದಲ್ಲಿ ಬರೆದು, ಪೆನ್ನು ಮುಚ್ಚಿಟ್ಟು, ತಾನೂ ನೋಡಲು ಹೋದ. ಮತ್ತೆ ಬರಲಿಲ್ಲ. ನೀರು ಹಾಗೆ ಇಳಿದರೆ ಓಡಬೇಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಪಕ್ಕದ ಕುರ್ಚಿಯಲ್ಲಿ ಅಷ್ಟು ವರ್ಷ ಕೂತಿದ್ದ ನಾನೂ ಹೇಳಿರಲಿಲ್ಲ. ಬ್ಯಾನರ್ ಕಂಡರೆ ನನಗೆ ಸಿಟ್ಟು ಯಾಕೆ ಬರುತ್ತದೆ ಅಂತ ಕೇಳುತ್ತೀಯಲ್ಲ ಅಕ್ಕ, ಇದಕ್ಕೆ ಬರುತ್ತದೆ ಅಂದೆ.

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಪಾಪ, ಅವನ ಹೆಂಡತಿ ಮಕ್ಕಳು ಎಲ್ಲಿದ್ದಾರೆ ಅಂತ ಕೇಳಿದಳು. ಹೇಳಿದೆ. ಆಮೇಲೆ ಕವಡೆಗಳನ್ನು ಡಬ್ಬಿಗೆ ಹಾಕುತ್ತಾ ನನಗೆ ಸಮಾಧಾನ ಮಾಡಿದಳು.

"ನೀನು ಹೆದರಬೇಡ ಕಣೋ. ಅವನು ಮೀನು ನೋಡ್ತಾ ನಿಂತ. ನಾನು ಹಾಗೆಲ್ಲ ನಿಲ್ಲಲ್ಲ, ಕವಡೆ ಸಿಕ್ಕಿದ ತಕ್ಷಣ ಬಂದ್ಬಿಡ್ತೀನಿ."

ಯಾವ ಮಠದವರು

ಪಾರ್ಕಿನಲ್ಲಿ ಆಗದ್ದು ಬಸ್ಸಿನಲ್ಲಿ ಆಯಿತು, ಯಾಕೆಂದರೆ ಬಸ್ಸಿನಿಂದ ಎದ್ದು ಹೋಗಲು ಯಾರಿಗೂ ಸಾಧ್ಯವಿರಲಿಲ್ಲ. ನಸುಕಿಗೇ ಹೊರಟೆವು. ಗಣಪತಿ ಸ್ತೋತ್ರ ಮುಗಿದ ಕೂಡಲೇ ಯಜಮಾನರು ಮೈಕ್ ಕಿತ್ತುಕೊಂಡು ನನ್ನ ಕೈಗೆ ಕೊಟ್ಟು, ಮೂರೇ ಮಾತಲ್ಲಿ ಹೇಳಿ ಸಾಮಿ ಅಂದರು.

ಮೂರೇ ಮಾತು ಹೇಳಿದೆ. ಕಡಲು ಹಿಂದೆ ಸರಿದರೆ, ನೆಲ ಜೋರಾಗಿ ನಡುಗಿದರೆ, ಮೇಲಕ್ಕೆ ಹತ್ತು. ನೋಡುತ್ತಾ ನಿಲ್ಲಬೇಡ, ಯಾರನ್ನೂ ಕೇಳುತ್ತಾ ನಿಲ್ಲಬೇಡ. ಒಂದು ಅಲೆ ಬಂದುಹೋಯಿತೆಂದು ಕೆಳಗಿಳಿಯಬೇಡ.

ನಿಮ್ಮನ್ನೂ ಕೇಳಬಾರದಾ ಸಾರ್ ಅಂತ ಮೇಡಂ ಕೇಳಿದರು. ನನ್ನನ್ನೂ ಕೇಳಬಾರದು, ನಾನೇ ನಿಲ್ಲಿ ಅಂದರೂ ನಿಲ್ಲಬಾರದು ಅಂದೆ. ಈ ಮಾತು ಅವರಿಗೆಲ್ಲ ಬಹಳ ಹಿಡಿಸಿತು, ನನ್ನ ಮಾತು ಕೇಳಬೇಡಿ ಅಂತ ನಾನೇ ಹೇಳಿದ್ದು ಅದೇ ಮೊದಲು.

ಹೆಂಗಸರು ಅದಕ್ಕೊಂದು ಭಜನೆಯ ಧಾಟಿ ಹಚ್ಚಿದರು. ಅಕ್ಕ ತಾಳ ಹಾಕಿದಳು. ಹಾಸನ ದಾಟುವ ಹೊತ್ತಿಗೆ ಡ್ರೈವರಿಗೂ ಬಾಯಿಪಾಠವಾಗಿತ್ತು. ತಿಂಡಿಗೆ ನಿಲ್ಲಿಸಿದ ಕಡೆ ಇಪ್ಪತ್ತೆರಡು ಜನ ಚಪ್ಪಾಳೆ ತಟ್ಟಿಕೊಂಡು, "ಮೇಲಕೆ ಹತ್ತು, ಮೇಲಕೆ ಹತ್ತು" ಎಂದು ಹಾಡುತ್ತಾ ಬಸ್ಸಿಳಿದದ್ದನ್ನು ಕಂಡು ಹೊಟೇಲಿನವನು ಕೈ ಮುಗಿದು, "ತಾವು ಯಾವ ಮಠದ ಭಕ್ತರು?" ಅಂದ.

ಊಟಕ್ಕೆ ಮುಂಚೆ, ನಿದ್ದೆ ಆದ ಮೇಲೆ

ನಾವು ತಂಗಿದ್ದ ಊರಿನಲ್ಲಿ ಕಡಲ ತೀರಕ್ಕೆ ಅಂಟಿಕೊಂಡೇ ಒಂದು ಗುಡ್ಡವಿದೆ. ಮೇಲೆ ದೇವಸ್ಥಾನ, ಹತ್ತಲು ಮೆಟ್ಟಿಲು. ಅಮಾವಾಸ್ಯೆಯ ದಿನ ಹನ್ನೊಂದು ಗಂಟೆಗೆ ಸ್ನಾನಕ್ಕೆ ಇಳಿದೆವು. ಸಮುದ್ರ ತುಂಬಿ ನಿಂತಿತ್ತು. ಯಾರೂ ದಾರಿ ತಪ್ಪಬಾರದೆಂದು ಕಾರ್ಯದರ್ಶಿಗಳು ಬಳಗದ ಹಳದಿ ಬಾವುಟವನ್ನು ನೀರಿನ ಅಂಚಿನಲ್ಲಿಯೇ ನೆಟ್ಟರು. ಅಲೆ ಬಂದು ಬಂದು ಅದರ ಬುಡ ತೊಳೆಯುತ್ತಿತ್ತು. ಸ್ನಾನ ಸುಸೂತ್ರವಾಗಿ ಆಯಿತು. ಎಲ್ಲರೂ ಹೋಗಿ ಊಟ ಮಾಡಿ, ಪಾಯಸ ಇದ್ದದ್ದರಿಂದ ಎರಡು ಗಂಟೆ ನಿದ್ದೆಯನ್ನೂ ಮಾಡಿದರು. ಬಾವುಟ ಅಲ್ಲೇ ಇತ್ತು.

ಐದು ಗಂಟೆಗೆ ಸೂರ್ಯಾಸ್ತ ನೋಡಲು ಮತ್ತೆ ಇಳಿದೆವು. ನಾನು ಚಪ್ಪಲಿಗೆ ಸಿಕ್ಕ ಮರಳು ಕೊಡವುತ್ತಾ ಸ್ವಲ್ಪ ಹಿಂದೆ ಬಿದ್ದಿದ್ದೆ. ಮುಂದೆ ಹೋದವರು ಇದ್ದಕ್ಕಿದ್ದಂತೆ ನಿಂತರು. ಬಾವುಟ ಒಣಗಿದ ಮರಳಿನ ಮೇಲೆ ಒಂಟಿಯಾಗಿ ನಿಂತಿತ್ತು. ಅದರಿಂದಾಚೆ ಅರವತ್ತು ಎಪ್ಪತ್ತು ಹೆಜ್ಜೆ ಬರೀ ಹಸಿ ಮರಳು. ನೀರು ಇನ್ನೂ ಆಚೆ.

ಕಾವೇರಿ ನಲ್ಲಿಯಲ್ಲಿ ಬರುವ ಹೊತ್ತು ಗೊತ್ತು ಇವರಿಗೆ, ಹೋಗುವ ಹೊತ್ತು ಗೊತ್ತು. ಸಮುದ್ರ ಮಾತ್ರ ಮೂರು ಹೊತ್ತೂ ಒಂದೇ ಕಡೆ ಇರುತ್ತದೆ ಅಂದುಕೊಂಡಿದ್ದರು. ಊಟಕ್ಕೆ ಮುಂಚೆ ಇದ್ದ ಸಮುದ್ರ ನಿದ್ದೆ ಆದ ಮೇಲೆ ಇಲ್ಲ.

ಯಜಮಾನರು ಪಂಚೆ ಎತ್ತಿ ಕಟ್ಟಿದರು. "ಮೇಲಕ್ ಹತ್ರಪ್ಪೋ" ಅಂತ ಒಂದೇ ಕೂಗು. ಅಷ್ಟೇ ಸಾಕಾಯಿತು. ಕಲ್ಲುಬೆಂಚು ಬಿಟ್ಟೇಳಲು ಇಬ್ಬರ ಕೈ ಹಿಡಿಯುವ ಮೇಡಂ ನನ್ನ ಪಕ್ಕದಿಂದಲೇ ಓಡಿದರು. ಕಾರ್ಯದರ್ಶಿಗಳು ಕಡಲೆಕಾಯಿ ಪೊಟ್ಟಣ ಎಸೆದು ಓಡಿದರು. ನಾನು ಎರಡೂ ಕೈ ಚಾಚಿ ದಾರಿಗೆ ಅಡ್ಡ ನಿಂತೆ. ನಿಲ್ಲಿ, ಇದು ಇಳಿತ, ಅಮಾವಾಸ್ಯೆಗೆ ನೀರು ಹೆಚ್ಚು ಇಳಿಯುತ್ತದೆ, ಹನ್ನೊಂದು ಗಂಟೆಯಿಂದ ನಿಧಾನವಾಗಿ ಇಳಿದದ್ದು, ಸುನಾಮಿಯಲ್ಲಿ ನಿಮಿಷಗಳಲ್ಲಿ ಹೋಗುತ್ತದೆ ಅಂತ ಗಂಟಲು ಹರಿಯುವ ಹಾಗೆ ಕೂಗಿದೆ. ಎಲ್ಲರೂ ನನ್ನ ಅಕ್ಕಪಕ್ಕದಿಂದ ನುಸುಳಿ ಓಡಿದರು. ಅಷ್ಟು ಅವಸರದಲ್ಲೂ ಮೇಡಂ ತಿರುಗಿ, "ನೀವು ನಿಲ್ಲಿ ಅಂದ್ರೂ ನಿಲ್ಬಾರ್ದು ಅಂದಿದ್ರಿ ಸಾರ್" ಅಂದರು.

ಬಲೆ ಸರಿಮಾಡುತ್ತಿದ್ದ ಮೀನುಗಾರನೊಬ್ಬ ಎದ್ದು ಬಂದ. "ಎಂತ ಆಯ್ತು ಮಾರಾಯ್ರೆ? ಇಳಿತ ಅಲ್ವಾ ಇದು, ಅಮಾಸೆ" ಅಂದ. ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ ಅಂದೆ.

"ನೀವು ಹೇಳ್ಲಿಲ್ವಾ?" ಅಂದ.

ಹೇಳಿರಲಿಲ್ಲ. ಆ ಮಾತೇ ಎತ್ತಕೂಡದು ಅಂತ ಪಾರ್ಕಿನಲ್ಲಿ ಬಾಯಿ ಮುಚ್ಚಿಸಿದವನು ನಾನೇ. ಸುನಾಮಿ ಬೇರೆ, ಉಬ್ಬರ ಬೇರೆ ಅಂತ ಕೂಗಿದ್ದೆನೇ ಹೊರತು ಉಬ್ಬರ ಇಳಿತ ಅಂದರೆ ಏನು ಅಂತ ಒಂದು ಮಾತೂ ಹೇಳಿರಲಿಲ್ಲ. ಅಷ್ಟು ಹೊತ್ತು ಅವರ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೆಯೇ ತಿರುಗಿತು.

ಮೇಲಿನಿಂದ ಅಕ್ಕನ ದನಿ ಕೇಳಿಸಿತು. ಮಂಡಿ ನೋವಿನ ಅಕ್ಕ ಎಲ್ಲರಿಗಿಂತ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದಳು. ನನ್ನ ಹೆಸರು ಹಿಡಿದು ಕೂಗುತ್ತಿದ್ದಳು, ಚಿಕ್ಕಂದಿನಲ್ಲಿ ಬೀದಿಯಲ್ಲಿ ಆಡುತ್ತಿದ್ದವನನ್ನು ಕತ್ತಲಾಗುವ ಮುಂಚೆ ಕರೆಯುತ್ತಿದ್ದ ಹಾಗೆ. ನಾನು ಹತ್ತದಿದ್ದರೆ ಅವಳೇ ಇಳಿದು ಬಂದಾಳು ಅನ್ನಿಸಿತು. ಹತ್ತಿದೆ.

ಅವಳಿಗೆ ಏದುಸಿರು. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ನಾನು ಇಳಿತದ ವಿಷಯ ಶುರು ಮಾಡುವ ಮುಂಚೆಯೇ ಹೇಳಿದಳು. "ಬಾವುಟದ ಪಕ್ಕದಲ್ಲೇ ಒಂದು ಕವಡೆ ಇತ್ತು ಕಣೋ. ಇಷ್ಟು ದಪ್ಪದ್ದು. ಬಗ್ಗಿದ್ರೆ ಸಿಕ್ತಿತ್ತು. ಬಿಟ್ಟು ಬಂದೆ."

ನನಗೆ ಅಳು ಬಂತು, ಮುಖ ತಿರುಗಿಸಿಕೊಂಡೆ. ಅವತ್ತು ನಮ್ಮ ಬಂದರಿನಲ್ಲಿ ಒಬ್ಬನಾದರೂ ಹೀಗೆ ಬಿಟ್ಟು ಓಡಿದ್ದರೆ ಅನ್ನಿಸಿತು.

ಸ್ವಲ್ಪ ಹೊತ್ತಿನ ಮೇಲೆ ಎಲ್ಲರಿಗೂ ನಿಧಾನವಾಗಿ, ರೇಗದೆ, ಉಬ್ಬರ ಇಳಿತವನ್ನು ವಿವರಿಸಿದೆ. ಇನ್ನು ಇಳಿಯೋಣ ಅಂದೆ. ಒಬ್ಬರೂ ಏಳಲಿಲ್ಲ. ಕೆಳಗಿಳಿಯಬೇಡ ಅಂತಲ್ಲವಾ ಮೂರನೇ ಮಾತು ಸಾಮಿ ಅಂತ ಯಜಮಾನರು ಕೇಳಿದರು. ಹೊಟೇಲಿನವರು ಕಾಫಿಯನ್ನು ಮೇಲಕ್ಕೇ ತಂದುಕೊಟ್ಟರು. ಎಂಟು ಗಂಟೆಯವರೆಗೆ 'ಮೇಲಕೆ ಹತ್ತು' ಭಜನೆ ನಡೆಯಿತು. ಅಷ್ಟರಲ್ಲಿ ಉಬ್ಬರ ಶುರುವಾಗಿ ನೀರು ಮೆಲ್ಲಗೆ ಬಾವುಟದ ಕಡೆಗೆ ವಾಪಸ್ ಬರತೊಡಗಿತ್ತು. ಕಾರ್ಯದರ್ಶಿಗಳು ಟಾರ್ಚ್ ಬಿಟ್ಟು ನೋಡಿ, ನನ್ನ ಭುಜ ತಟ್ಟಿ ಹೇಳಿದರು. "ನೋಡಿ ಸಾರ್, ಬರಲ್ಲ ಬರಲ್ಲ ಅಂದ್ರಿ. ಬಂತು."

ಶಾಲು, ಪೇಟ, ಹಾರ

ಬೆಂಗಳೂರಿಗೆ ಬಂದು ವಾರವಾಗಿರಲಿಲ್ಲ, ಪಾರ್ಕಿನ ಗೇಟಿಗೆ ಫ್ಲೆಕ್ಸ್ ಕಟ್ಟಿದರು. "ಸುನಾಮಿಯಿಂದ ಪಾರಾಗಿ ಬಂದ ಹಿರಿಯರಿಗೆ ಸನ್ಮಾನ." ಹಿಂದೆ ಅದೇ ನೀಲಿ ಸುರುಳಿ ಅಲೆ. ನನಗೆ ಗೊತ್ತಾಗದೇ ಇರುತ್ತದೆಯೇ, ಸೀರೆ ಅಂಗಡಿಯ ಫ್ಲೆಕ್ಸ್ ಮಾಡಿದವನೇ ಇದನ್ನೂ ಮಾಡಿದ್ದ. ಸೀರೆ ಹುಡುಗಿಯನ್ನು ತೆಗೆದು ಆ ಜಾಗದಲ್ಲಿ ಕಾರ್ಯದರ್ಶಿಗಳನ್ನು ನಿಲ್ಲಿಸಿದ್ದ.

ನಾನು ಹೋಗಿ ಜಗಳವಾಡಿದೆ. ಸುನಾಮಿ ಬರಲೇ ಇಲ್ಲವಲ್ಲ, ಬರದ ಸುನಾಮಿಗೆ ಸನ್ಮಾನ ಯಾಕೆ ಅಂದೆ. ಬಂದಿದ್ದರೆ ಪಾರಾಗುತ್ತಿದ್ದೆವೋ ಇಲ್ಲವೋ ಹೇಳಿ ಅಂತ ಕಾರ್ಯದರ್ಶಿಗಳು ಕೇಳಿದರು. ಯೋಚನೆ ಮಾಡಿದೆ. ಪಾರಾಗುತ್ತಿದ್ದರು, ಇಪ್ಪತ್ತೆರಡರಲ್ಲಿ ಇಪ್ಪತ್ತೊಂದು ಜನ.

ಸನ್ಮಾನ ನಡೆಯಿತು. ಎಲ್ಲರಿಗೂ ಹಾರ ಹಾಕಿದರು. ಕೊನೆಗೆ ಮೇಡಂ ಮೈಕ್ ಹಿಡಿದು, ಅಪಾಯದ ಜಾಗದಲ್ಲಿ ಒಬ್ಬರೇ ನಿಂತುಬಿಟ್ಟಿದ್ದ, ನಾವೆಲ್ಲ ಕೂಗಿ ಕೂಗಿ ಕಾಪಾಡಿದ ನಮ್ಮ ಸಾರ್ ಅವರನ್ನು ವೇದಿಕೆಗೆ ಕರೆಯುತ್ತೇನೆ ಅಂದರು. ಜೋರು ಚಪ್ಪಾಳೆ. ಯಜಮಾನರು ನನ್ನ ತಲೆಗೆ ಮೈಸೂರು ಪೇಟ ಇಟ್ಟರು. ಶಾಲು ಹೊದೆಸಲು ಅಕ್ಕನನ್ನೇ ಕರೆದರು. ಅವಳು ಆಷಾಢ ಸುನಾಮಿಯಲ್ಲಿ ತಂದ ಸೀರೆ ಉಟ್ಟುಕೊಂಡು ಮೆಟ್ಟಿಲು ಹತ್ತಿ ಬಂದಳು. ಶಾಲು ಹೊದೆಸಿ, ಎರಡು ತುದಿಯನ್ನೂ ಎಳೆದು ಸರಿಮಾಡುತ್ತಾ, ನನ್ನ ಕಿವಿಯ ಹತ್ತಿರ ಬಾಗಿ ಹೇಳಿದಳು.

"ಇನ್ನೊಂದು ಸಲ ಕೂಗಿದ ತಕ್ಷಣ ಹತ್ತು. ಕೆಳಗೆ ನಿಂತ್ಕೊಂಡು ಪಾಠ ಮಾಡಬೇಡ."